ತಿರುಗಿ ನೋಡಬೇಡ

ಮಾರ್ಚ್ 3, ಬೆಳಿಗ್ಗೆ 6

ಸೈಕಲ್ ಚೈನಿಗೆ ಎಣ್ಣೆ ಹಾಕಿ ಕೈ ತೊಳೆದೆ. ಮತ್ತೆ ಚೈನ್ ಮುಟ್ಟಿದೆ. ಮತ್ತೆ ಕಪ್ಪು. ಅಷ್ಟರಲ್ಲಿ ಕೆಳಗಿನ ಮನೆಯಿಂದ ಅತ್ತಿಗೆ ನೀರಿನ ಪೈಪಿಗೆ ಚಮಚದಲ್ಲಿ ಟಣ್ ಅಂತ ಹೊಡೆದ್ರು. ರೆಡಿನಾ ಅಂತ ಅರ್ಥ. ನಾನು ಎರಡು ಸಲ ಹೊಡೆದೆ. ಐದು ನಿಮಿಷ ತಡೀರಿ ಅಂತ. ಕೈಯಲ್ಲಿ ಫೋನಿದ್ರೂ ಇಬ್ಬರಿಗೂ ಇದೇ ಚಟ. ಅಣ್ಣ ದಿನಾ ಬೈತಾನೆ, ಪೈಪ್ ಒಡೆದ್ರೆ ನೀವೇ ರಿಪೇರಿ ಮಾಡಿಸಿ ಅಂತ.

ಮಧ್ಯಾಹ್ನ, ನನ್ನ ಕನ್ನಡಕದ ಅಂಗಡಿ

ಬೆಳಿಗ್ಗೆ ಎದುರುಗಾಳಿ. ನಾಲ್ಕು ಜನ ಒಬ್ಬರ ಹಿಂದೆ ಒಬ್ಬರು — ನಾನು, ಅತ್ತಿಗೆ, ಹಲ್ಲಿನ ಡಾಕ್ಟರ್, ಲೈಬ್ರರಿಯವಳು (ನಮ್ಮ ಬಾಯಲ್ಲಿ ಬರೀ ಲೈಬ್ರರಿ). ಮುಂದಿರೋರು ಗಾಳಿಗೆ ಎದೆ ಕೊಡಬೇಕು, ಹಿಂದಿನವರು ಅವರ ಬೆನ್ನ ಮರೆಯಲ್ಲಿ ಸುಖವಾಗಿರಬೇಕು. ಸುಸ್ತಾದ ಮೇಲೆ ಮುಂದಿನವರು ಪಕ್ಕಕ್ಕೆ ಸರಿದು ಬಾಲಕ್ಕೆ. ಹೇಳೋಕೆ ಸುಲಭ. ನನ್ನ ಸರದಿ ಬಂದ್ರೆ ಸಾಕು, ಕಾಲಿಗೆ ದೆವ್ವ ಹಿಡಿಯುತ್ತೆ. ಡಾಕ್ಟರ್ ಹಿಂದಿಂದ ಕೂಗಿದ್ಲು — "ಸ್ವಲ್ಪ ತಿರುಗಿ ನೋಡೇ, ನಿನ್ನ ಹಿಂದೆ ಯಾರೂ ಇಲ್ಲ."

ತಿರುಗಿ ನೋಡೋಕೆ ನನಗೆ ಬರಲ್ಲ. ಅತ್ತಿಗೆ ಮದುವೆಯಾಗಿ ನಮ್ಮನೆಗೆ ಬಂದಾಗ ನಾನು ಲಂಗದ ಹುಡುಗಿ. ಸೀಟು ಹಿಡ್ಕೊಂಡು ಹಿಂದೆ ಓಡ್ತಾ ಸೈಕಲ್ ಕಲಿಸಿದ್ದು ಅವರೇ. "ತಿರುಗಿ ನೋಡಬೇಡ, ನಾನಿದೀನಿ." ತಿರುಗಿದಾಗೆಲ್ಲ ಬಿದ್ದೆ. ಆ ಪಾಠ ಮೂಳೆಗೆ ಇಳಿದುಬಿಟ್ಟಿದೆ.

"ಊರಿಗೆಲ್ಲ ಕನ್ನಡಕ ಕೊಡೋಳು, ಇವಳಿಗೇ ಹಿಂದಿನದು ಕಾಣಲ್ಲ" ಅಂದ್ಲು ಡಾಕ್ಟರ್. ಹಲ್ಲು ಕಿತ್ತು ಕಿತ್ತು ನಾಲಿಗೆ ಉದ್ದ ಆಗಿದೆ ಅವಳಿಗೆ.

ಮಾರ್ಚ್ 9

ರೇಸ್ ನಿಯಮ ಬಂತು. ಏಪ್ರಿಲ್ ಐದು. ಮಾಸ್ಟರ್ಸ್ ಹೆಂಗಸರು, ನಲವತ್ತೈದು ದಾಟಿದವರು. ಟೀಮಿಗೆ ನಾಲ್ಕು ಜನ. ಮೂರನೆಯವರು ಗೆರೆ ದಾಟಿದಾಗ ಗಡಿಯಾರ ನಿಲ್ಲುತ್ತೆ. ನಾಲ್ಕನೆಯವರು ಬಂದ್ರೂ ಒಂದೇ, ಬರದಿದ್ರೂ ಒಂದೇ.

ಸಂಜೆ ಕ್ಲಿನಿಕ್ ಮುಚ್ಚಿದ ಮೇಲೆ ಮೀಟಿಂಗ್. ಅತ್ತಿಗೆಗೆ ಡ್ಯೂಟಿ — ಆಸ್ಪತ್ರೆಯ ಲಾಂಡ್ರಿ ಅವರ ಸುಪರ್ದಿ — ಬಂದಿರಲಿಲ್ಲ. ಡಾಕ್ಟರ್ ಪೇಷಂಟ್ ಕುರ್ಚಿಯಲ್ಲಿ ಒರಗಿಕೊಂಡು ಹೇಳಿದ್ಲು. ಅತ್ತಿಗೆಗೆ ಐವತ್ತೆಂಟು. ಗುಡ್ಡದಲ್ಲಿ ನಮ್ಮ ಜೊತೆ ಬರೋಕಾಗಲ್ಲ. ಆದ್ರೆ ಗಾಳೀಲಿ ಅವರಷ್ಟು ಗಟ್ಟಿ ಯಾರೂ ಇಲ್ಲ. ಬಯಲಲ್ಲಿ ಪೂರ್ತಿ ಅವರೇ ಎಳೀಲಿ, ಗುಡ್ಡದ ಬುಡದಲ್ಲಿ ಬಿಟ್ಟು ಹೋಗೋಣ.

ಲೆಕ್ಕ ಸರಿಯಾಗೇ ಇದೆ. ಅದೇ ಕಷ್ಟ.

"ಬೆಕ್ಕಿಗೆ ಗಂಟೆ ಕಟ್ಟೋರು ಯಾರು?" ಅಂತ ಕೇಳಿದೆ. ಇಬ್ಬರೂ ನನ್ನ ಮುಖ ನೋಡಿದ್ರು. ನಾದಿನಿ ಅಲ್ವಾ ನೀನು, ಅಂತ.

ಮಾರ್ಚ್ 10

ಹೇಳಲಿಲ್ಲ.

ಮಾರ್ಚ್ 12

ಹೇಳೋಕೆ ಅಂತಲೇ ಕೆಳಗೆ ಹೋದೆ. ಅತ್ತಿಗೆ ಗ್ಲೌಸಿಗೆ ಹೊಲಿಗೆ ಹಾಕ್ತಿದ್ರು. "ಈ ಸಲ ಟೆಂಟ್ ಇರೋವಾಗಲೇ ತಲುಪಬೇಕು ಕಣೇ" ಅಂದ್ರು. ಸೂಜಿಗೆ ದಾರ ಪೋಣಿಸಿಕೊಟ್ಟು ಮೇಲೆ ಬಂದೆ.

ಹೋದ ವರ್ಷ ಒಬ್ಬೊಬ್ಬರೇ ಓಡಿಸೋ ರೇಸು. ಅತ್ತಿಗೆಗೆ ಎರಡು ಪಂಕ್ಚರ್. ನಾವು ಬಾಳೆಹಣ್ಣು ತಿಂತಾ ಫೋಟೋ ತೆಗೆಸಿಕೊಳ್ತಿದ್ವಿ. ಅವರು ಬರೋಷ್ಟೊತ್ತಿಗೆ ಗೆರೆ ಹತ್ತಿರ ಇದ್ದ ಟೆಂಟ್ ಮಡಿಸಿ ಲಾರಿಗೆ ಹಾಕಿಯಾಗಿತ್ತು. ಗಡಿಯಾರದವನೂ ಹೋಗಿದ್ದ. ಬರೀ ಸುಣ್ಣದ ಗೆರೆ. ಅದನ್ನೇ ದಾಟಿ, ಇಳಿದು, "ಬಂದೆ" ಅಂದ್ರು. ಅಷ್ಟೇ ಅಂದಿದ್ದು. ಅಣ್ಣ ಕಾರಲ್ಲಿ ಗೊರಕೆ ಹೊಡೀತಿದ್ದ.

ಈಗ ನಾನೇ ಹೋಗಿ ಹೇಳಬೇಕು, ಈ ಸಲವೂ ಒಬ್ಬರೇ ಬನ್ನಿ ಅಂತ.

ಮಾರ್ಚ್ 21

ಹೇಳಿದೆ. ಲಾಂಡ್ರಿಗೇ ಹೋಗಿದ್ದೆ, ಅಲ್ಲಾದ್ರೆ ಮೆಷಿನ್ ಸದ್ದಲ್ಲಿ ಅರ್ಧ ಕೇಳಿಸಲ್ಲ ಅಂತ. ಬಿಸಿ ಬೆಡ್‌ಶೀಟಿನ ಒಂದು ತುದಿ ನನ್ನ ಕೈಗೆ ಕೊಟ್ರು, ಇನ್ನೊಂದು ಅವರ ಹತ್ರ. ಮಡಿಸ್ತಾ ಮಡಿಸ್ತಾ ಹೇಳಿದೆ. ತುದಿಗೆ ತುದಿ ಸೇರಿಸೋಕೆ ಹತ್ತಿರ ಬಂದಾಗ ನಕ್ಕರು.

"ಗೊತ್ತಿತ್ತು. ನಿನ್ನ ಮುಖ ನೋಡಿದ್ರೆ ಸಾಕು, ಹೊಟ್ಟೇಲಿರೋದೆಲ್ಲ ಕಾಣುತ್ತೆ. ನಿಮ್ಮ ಜಾಗದಲ್ಲಿ ನಾನಿದ್ರೂ ಅದೇ ಹೇಳ್ತಿದ್ದೆ."

"ಬೇಜಾರಿಲ್ವಾ ಅತ್ತಿಗೆ?"

"ಇದೆ. ಇಲ್ಲ ಅಂತ ಯಾಕೆ ಹೇಳಲಿ? ಆದ್ರೆ ಎಳೀತೀನಿ. ನೀವು ಟೆಂಟ್ ಮಾತ್ರ ಮಡಿಸೋಕೆ ಬಿಡಬೇಡಿ."

ಬಿಡಲ್ಲ ಅಂದೆ. ಟೆಂಟಿನ ಕಂಬ ತಬ್ಬಿಕೊಂಡು ಕೂರ್ತೀನಿ ಅಂದೆ. ಹೊರಗೆ ಬಂದು ಸೈಕಲ್ ಬೀಗ ತೆಗೆಯೋಕೂ ಆಗಲಿಲ್ಲ, ಕಣ್ಣು ಮಂಜು.

ಏಪ್ರಿಲ್ 5, ಬೆಳಿಗ್ಗೆ 5

ಮೊಟ್ಟೆ ಎರಡು. ತಿನ್ನೋಕಾಗ್ತಿಲ್ಲ. ಗಾಳಿ ಜೋರು, ಬಾಲ್ಕನಿಯ ಬಟ್ಟೆಯೆಲ್ಲ ಒಂದೇ ಕಡೆ ಹಾರ್ತಿದೆ. ಟಣ್.

ಏಪ್ರಿಲ್ 5, ಸಂಜೆ

ಎಲ್ಲಾ ಬರೀಬೇಕು.

ಕಾಲುವೆ ರಸ್ತೆ ಪೂರ್ತಿ ಅತ್ತಿಗೆ ಮುಂದೆ. ನಮ್ಮ ಸರದಿ ಬಂದ್ರೂ ಬಿಟ್ಟುಕೊಡಲಿಲ್ಲ, "ಕಾಲು ಉಳಿಸ್ಕೊಳ್ಳಿ" ಅಂತ ಬೈದ್ರು. ಆ ಗಾಳೀಲಿ ಅವರ ಬೆನ್ನ ಹಿಂದೆ ಮನೆ ಒಳಗಿದ್ದ ಹಾಗಿತ್ತು. ಗುಡ್ಡದ ಬುಡ ಬಂತು. ಪಕ್ಕಕ್ಕೆ ಸರಿದ್ರು. ಮುಖ ಕೆಂಪಗೆ, ಉಸಿರೇ ಇಲ್ಲ.

"ಹೋಗು. ತಿರುಗಿ ನೋಡಬೇಡ."

ಹೋದೆ. ಹುಚ್ಚು ಹಿಡಿದವಳ ಹಾಗೆ ಹೋದೆ. ತಿರುಗಿದ್ರೆ ಅವರು ಚಿಕ್ಕದಾಗ್ತಾ ಆಗ್ತಾ ಕಾಣ್ತಾರಲ್ಲ, ಅದನ್ನ ನೋಡೋಕೆ ನನ್ನಿಂದ ಆಗ್ತಿರಲಿಲ್ಲ. ಹಿಂದಿಂದ ಡಾಕ್ಟರ್ ಏನೋ ಕೂಗಿದ್ಲು. ಅತ್ತಿಗೆ ವಿಷಯ ಅಂದ್ಕೊಂಡು ಇನ್ನೂ ಜೋರಾಗಿ ತುಳಿದೆ. ಇಳಿಜಾರಲ್ಲಂತೂ ಕಿವಿ ತುಂಬ ಗಾಳಿ.

ಕೆಳಗೆ ಬಯಲಿಗೆ ಬಂದ ಮೇಲೆ ಡಾಕ್ಟರ್ ಪಕ್ಕಕ್ಕೆ ಬಂದು ನನ್ನ ತೋಳಿಗೆ ಹೊಡೆದ್ಲು. "ಲೈಬ್ರರಿ ಎಲ್ಲೇ?"

ತಿರುಗಿ ನೋಡಿದೆ. ಬೀಳಲಿಲ್ಲ. ರಸ್ತೆ ಖಾಲಿ.

ಅರ್ಧ ಗುಡ್ಡದಲ್ಲೇ ಲೈಬ್ರರಿ ಸೋತು ಹಿಂದುಳಿದಿದ್ಲಂತೆ. ನನ್ನ ವೇಗಕ್ಕೆ. ಡಾಕ್ಟರ್ ಕೂಗಿದ್ದು ಅದಕ್ಕೇ. ಆತುರಗಾರರಿಗೆ ಬುದ್ಧಿ ಮಟ್ಟ ಅಂತ ನಮ್ಮಮ್ಮ ಸುಮ್ಮನೆ ಹೇಳ್ತಿರಲಿಲ್ಲ. ನಾವಿಬ್ಬರು ಗೆರೆ ದಾಟಿ ಏನು ಮಾಡೋದು? ಮೂರನೆಯವಳು ಬರದೆ ಗಡಿಯಾರ ನಿಲ್ಲಲ್ಲ. ರಸ್ತೆ ಪಕ್ಕ ನಿಂತ್ವಿ. ಒಂದು ಟೀಮ್ ಹೋಯ್ತು. ಇನ್ನೊಂದು ಹೋಯ್ತು. ಡಾಕ್ಟರ್ ಬೈಲಿಲ್ಲ, ಅದೇ ಹೆಚ್ಚು ಚುಚ್ತು. ಅತ್ತಿಗೆ ಅಷ್ಟು ಹೊತ್ತು ಗಾಳಿ ತಿಂದಿದ್ದನ್ನ ಒಂದು ಗುಡ್ಡದಲ್ಲಿ ಮಣ್ಣುಪಾಲು ಮಾಡಿದೆ.

ಆಮೇಲೆ ದೂರದಲ್ಲಿ ಒಂದು ನೀಲಿ ಹೆಲ್ಮೆಟ್. ಅದರ ಹಿಂದೆ, ಅಂಟಿಸಿದ ಹಾಗೆ, ಹಳದಿ ಹೆಲ್ಮೆಟ್.

ನೀಲಿ ಅತ್ತಿಗೇದು.

ತಮ್ಮ ಪಾಡಿಗೆ ತಾವು ನಿಧಾನಕ್ಕೆ ಹತ್ತಿ ಬಂದಿದ್ರಂತೆ. ತಿರುವಲ್ಲಿ ಲೈಬ್ರರಿ ಸೈಕಲ್ ಮಲಗಿಸಿ ಅಳ್ತಾ ಕೂತಿದ್ಲು. "ಮೂರನೆಯವಳು ನೀನು, ಕೂತ್ರೆ ಹೇಗೆ, ಏಳು" ಅಂತ ಎಬ್ಬಿಸಿ ಬೆನ್ನಿಗೆ ಹಾಕ್ಕೊಂಡು ಬಂದಿದ್ರು. ಮತ್ತೆ ಅದೇ ಗಾಳೀಲಿ.

ನಮ್ಮ ಹತ್ತಿರ ಬಂದು ನಿಧಾನವೂ ಮಾಡಲಿಲ್ಲ.

"ಏನು ನಿಂತಿದೀರಿ, ಬಸ್ಸಿಗಾ? ಹಿಂದೆ ಸೇರ್ಕೊಳ್ಳಿ."

ಸೇರಿಕೊಂಡ್ವಿ. ನಾನು ಎಲ್ಲರಿಗಿಂತ ಹಿಂದೆ. ಈ ಟೀಮಿನ ಬೆನ್ನುಗಳನ್ನ ಹೀಗೆ ಸಾಲಾಗಿ ಯಾವತ್ತೂ ನೋಡಿರಲಿಲ್ಲ. ಕೊನೆಗೆ ಡಾಕ್ಟರ್ ಮುಂದೆ ಹೋಗಿ ಗಾಳಿ ತಗೊಂಡ್ಲು, ಲೈಬ್ರರಿ ಅವಳ ಹಿಂದೆ, ಆಮೇಲೆ ಅತ್ತಿಗೆ. ಗೆರೆ ಹತ್ತಿರ ಅತ್ತಿಗೆ ಓರೆಯಾಗಿ ನೋಡಿ "ಬಾ ಮುಂದೆ" ಅಂದ್ರು. ನಾನು ಬ್ರೇಕ್ ಮುಟ್ಟಿದೆ.

ಮೂರನೆಯವರಾಗಿ ಅತ್ತಿಗೆ ದಾಟಿದ್ರು. ಗಡಿಯಾರ ನಿಂತಿದ್ದು ಅವರಿಗೆ.

ಒಂಬತ್ತು ಟೀಮಲ್ಲಿ ಏಳನೆಯವರು ನಾವು. ಹೇಳಿಕೊಳ್ಳೋ ಹಾಗಿಲ್ಲ. ಅತ್ತಿಗೆ ಇಳಿದು ಟೆಂಟ್ ಒಳಗೆ ಹೋದ್ರು, ಕುರ್ಚಿ ಎಳ್ಕೊಂಡು ಕೂತ್ರು, ಮೇಲೆ ಟೆಂಟಿನ ಬಟ್ಟೆ ಕಡೆ ನೋಡಿದ್ರು. ಬೆಡ್‌ಶೀಟ್ ಚೆನ್ನಾಗಿ ಒಗೆದಿದಾರಾ ಅಂತ ನೋಡೋ ಹಾಗೆ. ಅಣ್ಣ ಎಚ್ಚರವಾಗಿದ್ದ, ಅದೊಂದು ಪವಾಡ. ನೀರು ತಂದುಕೊಟ್ಟ.

ಅತ್ತಿಗೆ ಕಾಲ ಹತ್ತಿರ ನೆಲದ ಮೇಲೆ ಕೂತೆ. ನನ್ನ ಹೆಲ್ಮೆಟ್ ಮೇಲೆ ಒಂದು ಕುಟ್ಟಿದ್ರು, ಪೈಪಿಗೆ ಕುಟ್ಟೋ ಹಾಗೆ.

ಏಪ್ರಿಲ್ 14

ಜೂನಲ್ಲಿ ಇನ್ನೊಂದು ರೇಸ್ ಇದೆಯಂತೆ. "ಈ ಸಲ ಗುಡ್ಡದ ಬುಡದಲ್ಲಿ ಯಾರನ್ನ ಬಿಡೋದು?" ಅಂತ ಡಾಕ್ಟರ್ ಕೇಳಿದ್ಲು. ಮೂವರೂ ಒಟ್ಟಿಗೆ ನನ್ನ ಕಡೆ ನೋಡಿದ್ರು. ನಗು ತಡೆಯೋಕಾಗಲಿಲ್ಲ.

ಅತ್ತಿಗೆ ಒಪ್ಪಲಿಲ್ಲ. "ಕಲಿಸಿದವಳು ನಾನು, ತಪ್ಪು ತಿದ್ದೋಳೂ ನಾನೇ. ಅರ್ಧ ಪಾಠ ಕಲಿಸಿ ಬಿಟ್ಟಿದ್ದೆ."

ಏಪ್ರಿಲ್ 18

ಪಾಠ ನಡೀತಿದೆ. ಆಸ್ಪತ್ರೆಯ ಖಾಲಿ ಪಾರ್ಕಿಂಗ್. ನಾನು ಮುಂದೆ, ಅತ್ತಿಗೆ ಹಿಂದೆ. ಅವರು ಬೆರಳೆತ್ತಿ ಹಿಡಿಯೋದು, ನಾನು ತಿರುಗಿ ನೋಡಿ ಎಷ್ಟು ಅಂತ ಹೇಳೋದು. ಮೊದಲ ದಿನ ಬಿದ್ದೆ, ಮೊಣಕೈ ತರಚಿಹೋಯ್ತು. ನಲವತ್ತೇಳು ವರ್ಷಕ್ಕೆ. ವಾಚ್‌ಮನ್ ಬಿದ್ದು ಬಿದ್ದು ನಕ್ಕ. ನಿನ್ನೆ ಬೀಳಲಿಲ್ಲ, ಬೆರಳೆಲ್ಲ ಸರಿಯಾಗಿ ಹೇಳಿದೆ.

ಏಪ್ರಿಲ್ 20, ಬೆಳಿಗ್ಗೆ 6

ಇವತ್ತು ಗುಡ್ಡ. ನಾವಿಬ್ಬರೇ. ಗಾಳಿ ಇಲ್ಲ. ಲಾಂಡ್ರಿಯಲ್ಲಿ ಆವತ್ತು ಹೇಳೋಕಾಗದ್ದು ಒಂದಿದೆ, ಟೆಂಟಲ್ಲೂ ಬಾಯಿಗೆ ಬರಲಿಲ್ಲ. ಇವತ್ತು ಆ ತಿರುವು ಬಂದ ಕೂಡಲೆ ತಿರುಗಿ, ಮುಖ ನೋಡಿ, ಅತ್ತಿಗೆ, ನೀವಿಲ್ದೆ ನಾನು —

ಪೈಪ್ ಟಣ್ ಅಂತು. ಹೋಗಿ ಅಲ್ಲೇ ಹೇಳ್ತೀನಿ.