ನೀನು ಕಟ್ಟಿದ ದೋಣಿಯ ಬೆಲೆ

ಅಜ್ಮಲ್, ನೀನಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ಇವತ್ತು ವಿಮೆ ಅಧಿಕಾರಿ ಕೆ.ಆರ್.ಎಸ್. ಹಿನ್ನೀರಿಗೆ ಬಂದು, ನೀನು ನನಗೆ ಎಂದೋ ಕಟ್ಟಿಕೊಟ್ಟ ಹಳೇ ದೋಣಿಯನ್ನು ನೋಡಿದರು. ವಿಮೆಗೆ ಬೆಲೆ ಕಟ್ಟುವಾಗ, ದೋಣಿಯ ವಯಸ್ಸಿಗೆ ತಕ್ಕಂತೆ ಬೆಲೆ ಇಳಿಸುವುದು ಒಂದು ಬಗೆಯಂತೆ. ವಿಮೆಯವರೂ ನಾನೂ ಮೊದಲೇ ಒಂದು ಬೆಲೆಗೆ ಒಪ್ಪಿ, ದೋಣಿ ಮುಳುಗಿದರೆ ಅವರು ಅಷ್ಟನ್ನೂ ಕೊಡುವುದು ಇನ್ನೊಂದು ಬಗೆ.

"ಇಂಥದ್ದೇ ಇನ್ನೊಂದು ಕಟ್ಟಿಸೋಕೆ ಎಷ್ಟಾಗುತ್ತೆ?" ಎಂದು ಕೇಳಿದರು.

"ಕಟ್ಟೋನೇ ಇಲ್ವಲ್ಲಾ ಸಾರ್" ಅಂದೆ.

ಅವರು ಹಲಗೆಗಳನ್ನೆಲ್ಲ ಮುಟ್ಟಿ ನೋಡಿದರು; ಒಂದೂ ಬಿರುಕು ಬಿಟ್ಟಿರಲಿಲ್ಲ. ಕೊನೆಗೆ ಎರಡನೇ ಬಗೆಯೇ ಸರಿ ಎಂದು, ಹೊಸ ದೋಣಿಯ ಬೆಲೆಯನ್ನೇ ಬರೆದುಕೊಂಡರು! ದಡದಲ್ಲಿದ್ದವರು ಶಿಳ್ಳೆ ಹೊಡೆದರು.

ನಿನ್ನ ಹೆಂಡತಿ ಅಖ್ತರ್ ಬೇಗಂ ನಗುತ್ತಾ, "ದೇವರಾಜಣ್ಣ, ಅವ್ರು ಇದ್ದಿದ್ರೆ ಮನೆಗೆ ನಡ್ಕೊಂಡ್ ಬರ್ತಿರ್ಲಿಲ್ಲ, ಕುಣ್ಕೊಂಡ್ ಬರ್ತಿದ್ರು!" ಅಂದರು.

ಎಲ್ಲರೂ ಹೋದ ಮೇಲೆ ನಾನೊಬ್ಬನೇ ನಡುನೀರಿಗೆ ಹೋಗಿ ಜೋರಾಗಿ ಕೂಗಿದೆ: "ಎಂಥಾ ದೋಣಿ ಕಟ್ಟಿದ್ದೀಯಲಾ, ಅಜ್ಮಲ್!"