ಅಪ್ಪನ ಟೋಪಿಯೊಳಗಿನ ಚೀಟಿ

ಡ್ಯಾನ್‌ವಿಲ್, ವರ್ಜೀನಿಯಾ
ನವೆಂಬರ್ 12

ಮುದ್ದಿನ ರೆನೆಟಾ,

ನೀನು ಚುನಾವಣೆ ಗೆದ್ದು ವಾರವಾಗುತ್ತ ಬಂತು, ಈಗ ಬರೆಯುತ್ತಿದ್ದೇನೆ, ಬೈಯಬೇಡ. ಬೀದಿ ಬದಿಯಲ್ಲಿ ನೆಟ್ಟಿದ್ದ ನಿನ್ನ ಹೆಸರಿನ ಫಲಕಗಳನ್ನೆಲ್ಲ ಕಿತ್ತು ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪ್ರತಿಯೊಂದರಲ್ಲೂ ನಮ್ಮ ಮನೆತನದ ಹೆಸರು, ಕೀಳಲು ಕೈಯೇ ಬರಲಿಲ್ಲ. ಇಡೀ ರಾಜ್ಯದ ಅಟಾರ್ನಿ ಜನರಲ್ ನನ್ನ ಮಗಳು ಎಂದು ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದೆ. ಕ್ಷೌರ ಅರ್ಧಕ್ಕೇ ನಿಂತಿತು.

ಮತದಾನದ ದಿನ ಚರ್ಚಿನ ವ್ಯಾನು ನನ್ನ ಕೈಯಲ್ಲಿತ್ತು. ನಡೆಯಲಾಗದ ಮುದುಕರನ್ನೆಲ್ಲ ಮತಗಟ್ಟೆಗೆ ಕರೆದೊಯ್ದು ಮರಳಿ ಮನೆ ಮುಟ್ಟಿಸಿದೆ. ಜೈಲು ಕಂಡು ಬಂದ ನನಗೆ ಗವರ್ನರ್ ಹಕ್ಕು ಮರಳಿಸುವ ತನಕ ಮತವಿಲ್ಲವಲ್ಲ, ಬಾಗಿಲ ಹೊರಗೇ ಕಾಯುತ್ತಿದ್ದೆ. ಪಕ್ಕದ ಮನೆಯ ಅರ್ನೆಸ್ಟೀನ್ ಅಜ್ಜಿ ಹೊರಗೆ ಬಂದವಳೇ, ಮತ ಹಾಕಿದವರಿಗೆ ಕೊಡುವ ಅಂಟುಚೀಟಿಯನ್ನು ತನ್ನ ಕೋಟಿನಿಂದ ಕಿತ್ತು ನನ್ನ ಅಂಗಿಗೆ ಅಂಟಿಸಲು ಬಂದಳು.

"ತಗೊಳೋ ಅಲಾಂಜೊ. ವೋಟು ಹಾಕಿದ್ದು ನಾನಾದ್ರೂ ಹುಡುಗೀನ ಹೆತ್ತೋನು ನೀನಲ್ವಾ."

"ಬೇಡಮ್ಮಾ. ಹಾಕದ ವೋಟಿಗೆ ಚೀಟಿ ಅಂಟಿಸ್ಕೊಂಡ್ರೆ ನಮ್ ಹುಡುಗೀನೇ ನನ್ನ ಒಳಗೆ ಹಾಕ್ತಾಳೆ" ಎಂದೆ.

"ಹಾಕ್ಲಿ ಬಿಡು. ಮೊದಲ್ನೇ ಕೇಸು ಮನೆಯಿಂದ್ಲೇ ಶುರುವಾಗ್ಲಿ" ಎಂದು ನಕ್ಕಳು.

ಕೊನೆಗೆ ಟೋಪಿಯ ಒಳಗೆ ಅಂಟಿಸಿಕೊಂಡೆ. ಯಾರ ಕಣ್ಣಿಗೂ ಬೀಳದಿದ್ದರೆ ತಪ್ಪಿಲ್ಲ ಅಂದುಕೊಂಡೆ. ಕಾನೂನು ಏನನ್ನುತ್ತದೋ ನೀನೇ ಹೇಳಬೇಕು.

ಜನವರಿಯಲ್ಲಿ ರಿಚ್ಮಂಡಿನಲ್ಲಿ ನಿನ್ನ ಪ್ರಮಾಣವಚನಕ್ಕೆಂದು ಬೂದು ಸೂಟು ಒಗೆಸಿ ಇಟ್ಟಿದ್ದೇನೆ. ಕರೆದರೆ ಬರುತ್ತೇನೆ, ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ಬಡವರ ಮಾತಿಗೆ ನಿನ್ನ ಕಿವಿ ಸದಾ ತೆರೆದಿರುವಂತೆ ದೇವರು ನೋಡಿಕೊಳ್ಳಲಿ.

ನಿನ್ನ ಅಪ್ಪ,
ಅಲಾಂಜೊ ಟೈನ್ಸ್

ಬರೆಯುವುದೋ ಬೇಡವೋ ಎಂದು ಉಳಿಸಿಕೊಂಡಿದ್ದ ಮಾತು: ನಿನ್ನ ಗೆಲುವಿನ ಭಾಷಣವನ್ನು ಚರ್ಚಿನ ಊಟದ ಹಾಲಿನಲ್ಲಿ ಎಲ್ಲರೂ ಕೂತು ಟಿವಿಯಲ್ಲಿ ನೋಡಿದೆವು. ಅದರಲ್ಲಿ ನೀನು "ಅಪ್ಪನಿಲ್ಲದ ಮನೆಯಲ್ಲಿ ಬೆಳೆದವಳು ನಾನು" ಎಂದೆ. ನಾನು ಒಳಗಿದ್ದ ವರ್ಷಗಳ ಮಟ್ಟಿಗೆ ಅದು ನಿಜವೇ. ಆದರೆ ಹೊರಬಂದ ಮೇಲೆ ದಿನಾ ನಿನ್ನನ್ನು ಶಾಲೆಗೆ ಬಿಟ್ಟು ಬರುತ್ತಿದ್ದವನು ಯಾರು, ಮಗಳೇ? ಆ ಮಾತು ಕೇಳಿ ಯಾರೂ ನನ್ನ ಕಡೆ ತಿರುಗಲಿಲ್ಲ. ಅರ್ನೆಸ್ಟೀನ್ ಮಾತ್ರ ತನ್ನ ಪಾಲಿನ ಗೆಣಸಿನ ಸಿಹಿ ಪೈ ತುಂಡನ್ನು ನನ್ನ ತಟ್ಟೆಗೆ ದಾಟಿಸಿದಳು. ಒಳಗಿನ ಚೀಟಿ ಕಾಣುವಂತೆ ಟೋಪಿಯನ್ನು ಮಗುಚಿ ಮಡಿಲಲ್ಲಿಟ್ಟುಕೊಂಡು ಪೈ ತಿಂದೆ.