ನಿಮ್ಮಪ್ಪ ಆಡದ ಮಾತು

ಕೂವಾ, ಟ್ರಿನಿಡಾಡ್
9 ಮಾರ್ಚ್ 1994

ಮಗಳೇ ಇಂದ್ರಾಣಿ,

ಹೇಗಿದ್ದೀಯ ಎಂದು ಕೇಳುವ ಮುಖ ನನಗಿಲ್ಲ. ಆದರೂ ಚೆನ್ನಾಗಿರು.

ಭಾನುವಾರ ನಿನ್ನ ಗೆಳತಿ ಶಾರ್ಮೇನ್ ಬಂದಿದ್ದಳು. ದಾಲ್‌ಪುರಿ ಮಾಡಿಕೊಟ್ಟೆ. ತಿನ್ನುತ್ತಾ ನಿನ್ನ ಸುದ್ದಿ ಹೇಳಿದಳು. ವಿಶ್ವವಿದ್ಯಾಲಯದ ಸ್ಟೀಲ್‌ಪ್ಯಾನ್ ವಾದ್ಯತಂಡಕ್ಕೆ ಹೊಸದಾಗಿ ಸೇರುವವರಿಗೆ ಈಗ ನೀನೇ ಕಲಿಸುತ್ತೀಯಂತೆ. ಮೊದಲ ದಿನವೇ, "ಪ್ಯಾನ್ ಮುಟ್ಬೇಡ ಅಂತ ಮನೇಲಿ ಯಾರು ಬೈದ್ರು?" ಎಂದು ಕೇಳಿ, ಎಲ್ಲರಿಗಿಂತ ಮುಂಚೆ ನೀನೇ ಕೈ ಎತ್ತುತ್ತೀಯಂತೆ. "ನಮ್ಮಪ್ಪ. ಕಾಲು ಮುರೀತೀನಿ ಅಂದಿದ್ರು" ಅನ್ನುತ್ತೀಯಂತೆ. ಎಲ್ಲರೂ ನಗುತ್ತಾರಂತೆ. ಶಾರ್ಮೇನ್ ಕೂಡ ನಕ್ಕಳು. ನಾನು ಎದ್ದು ಒಲೆಯ ಕಡೆ ಹೋದೆ.

ನಿಮ್ಮಪ್ಪ ಆ ಮಾತು ಆಡಲೇ ಇಲ್ಲ, ಬೇಟಿ.

ತಂಡಕ್ಕೆ ಆಯ್ಕೆಯಾದ ಕಾಗದ ಹಿಡಿದು ನೀನು ಬಂದ ದಿನ ಅವರು ಸಕ್ಕರೆ ಕಾರ್ಖಾನೆಯಿಂದ ಇನ್ನೂ ಬಂದಿರಲಿಲ್ಲ. "ಅಮ್ಮಾ, ನೀನೇ ಕೇಳು, ನಂಗೆ ಭಯ" ಎಂದೆ. ರಾತ್ರಿ ನೀನು ಮಲಗಿದ ಮೇಲೆ, ಅವರು ಊಟಕ್ಕೆ ಕೂತಾಗ ನಾನು ಕೇಳಿದೆ. ಅವರು ಜೋರಾಗಿ ನಕ್ಕುಬಿಟ್ಟರು. "ಬಾರಿಸ್ಲಿ ಬಿಡೇ! ನಮ್ಮಪ್ಪ ಮದುವೆ ಮನೇಲೆಲ್ಲ ತಾಸೆ ಬಡೀತಿರ್ಲಿಲ್ವಾ? ಚರ್ಮ ಆದ್ರೇನು, ಎಣ್ಣೆ ಡ್ರಮ್ಮಾದ್ರೇನು, ಕೈ ನಮ್ಮ ವಂಶದ್ದೇ ತಾನೇ?" ಅಂದರು.

ಬೆಳಿಗ್ಗೆ ನಿನ್ನ ಮುಂದೆ ನಾನು ಬೇರೆಯದೇ ಹೇಳಿದೆ. ಪೆನಾಲ್ ಊರಿನ ಗಂಡಿನ ಸಂಬಂಧ ಆಗ ನಿನಗೆ ಕೂಡಿಬರುವಂತಿತ್ತು. ಪ್ಯಾನ್ ಬಾರಿಸುವವರೆಂದರೆ ರಮ್ಮು, ಹೊಡೆದಾಟ ಎಂದೇ ನಾನು ಕೇಳಿ ಬೆಳೆದವಳು. ನಾನೇ ಬೇಡ ಎಂದರೆ ನೀನು ಜಗಳಕ್ಕೆ ನಿಲ್ಲುತ್ತಿದ್ದೆ. ಅಪ್ಪನ ಹೆಸರು ಹೇಳಿದರೆ ಸುಮ್ಮನಾಗುತ್ತೀಯ ಎಂದುಕೊಂಡೆ. ನೀನು ಸುಮ್ಮನೇ ಬ್ಯಾಗು ತುಂಬಿಕೊಂಡು ಶಾರ್ಮೇನ್ ಮನೆಗೆ ಹೋದೆ.

ನಿಮ್ಮಪ್ಪನಿಗೆ ನಾನು ಹೇಳಿದ್ದು, ಓದು ಜಾಸ್ತಿ, ಅಲ್ಲೇ ಇರುತ್ತಾಳೆ ಎಂದು. ನಂಬಿದರು. ನಿಮ್ಮ ತಂಡದ ಮೊದಲ ಕಾರ್ಯಕ್ರಮಕ್ಕೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಒಬ್ಬರೇ ಹೋದರು. ತಲೆನೋವು ಎಂದು ನಾನು ಹೋಗಲಿಲ್ಲ. ಬಂದವರು ಚಪ್ಪಲಿ ಕೂಡ ಬಿಡದೆ, "ಏನ್ ಬಾರಿಸ್ತಾಳೆ ಅಂತೀಯ! ಪಕ್ಕದಲ್ಲಿದ್ದೋನ್ಗೆ ನನ್ ಮಗಳು ಕಣಯ್ಯಾ ಅಂದೆ" ಎಂದರು. ಆಮೇಲೆ ಅಂಗಿಯ ಗುಂಡಿ ಬಿಚ್ಚುತ್ತಾ, "ಮುಗಿದ್ಮೇಲೆ ಹತ್ರ ಹೋದೆ. ನೋಡಿದ್ಲು, ಮುಖ ತಿರುಗಿಸ್ಕೊಂಡ್ಲು. ನನ್ನಿಂದೇನಾದ್ರೂ ತಪ್ಪಾಯ್ತೇನೇ?" ಎಂದು ಕೇಳಿದರು.

ಆಗಲಾದರೂ ಹೇಳಬಹುದಿತ್ತು. "ದೊಡ್ಡ ಓದು ಓದ್ತಿದಾಳೆ, ಕಾರ್ಖಾನೆಯೋರು ಕಣ್ಣಿಗೆ ಬೀಳ್ತೀವಾ?" ಎಂದುಬಿಟ್ಟೆ. ಮತ್ತೆ ಅವರು ನಿಮ್ಮ ಕಾರ್ಯಕ್ರಮಕ್ಕೆ ಹೋಗಲಿಲ್ಲ. ತಮ್ಮಿಂದ ನಿನಗೆ ನಾಚಿಕೆ ಎಂದು ನಂಬಿಕೊಂಡೇ ಹೋದರು.

ಚಿತೆಯ ಮುಂದೆ ನೀನು ಅಳದೆ ನಿಂತಿದ್ದೆ. ನೆಂಟರು ಆಡಿಕೊಂಡರು. ನಾನು ನಿನ್ನ ಪರ ಒಂದು ಮಾತೂ ಆಡಲಿಲ್ಲ.

ಕ್ಷಮಿಸು ಎಂದು ಬರೆಯಲಾರೆ. ನೀನು ಕ್ಷಮಿಸಿದರೂ ಅವರು ಕ್ಷಮಿಸಬೇಕಲ್ಲ. ಬೇಡುವುದು ಇಷ್ಟೇ. ಮುಂದಿನ ಸಲ ಆ ಮಕ್ಕಳ ಮುಂದೆ ಕೈ ಎತ್ತಿದಾಗ ನನ್ನ ಹೆಸರು ಹೇಳು. ಅಮ್ಮ ಬೇಡ ಎಂದಳು, ಅಪ್ಪ ಬಾರಿಸಲಿ ಎಂದರು ಎನ್ನು. ಮಕ್ಕಳು ನಗಲಿ.

ಇಂತು,
ನಿನ್ನ ತಾಯಿ
ಸುಖ್‌ದೇಯಿ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಅವರ ಕೊನೆಯ ವಾರ ನೀನು ಫೋನ್ ಮಾಡಿದ್ದೆ. ನಿದ್ದೆ ಮಾಡುತ್ತಿದ್ದಾರೆ ಎಂದು ನಾನು ಹೇಳಿದ್ದೆ. ಅವರು ಎಚ್ಚರವಾಗಿದ್ದರು, ಇಂದ್ರಾಣಿ. ಮಂಚದಿಂದಲೇ, "ಯಾರೇ ಅದು, ನಮ್ ಹುಡುಗಿನಾ?" ಎಂದು ಕೇಳಿದರು. ಅಲ್ಲ ಎಂದೆ.